ನೆಲಬೇವಿನ ಸಾರ ತೆಗೆಯುವ ಮುನ್ನ

ಮಗಳೇ,

ನೀನು ಕಳಿಸಿದ ಪ್ರಾಜೆಕ್ಟಿನ ಸಿನಾಪ್ಸಿಸ್ ಓದಿದೆ. ನೆಲಬೇವಿನ ಎಲೆಯಿಂದ ಔಷಧೀಯ ಅಂಶ ತೆಗೆಯುವುದಕ್ಕೆ ಅತ್ಯುತ್ತಮ ದ್ರಾವಕ ಯಾವುದು, ಎಷ್ಟು ಬಿಸಿ ಇರಬೇಕು, ಎಷ್ಟು ಹೊತ್ತು ಇಡಬೇಕು ಎಂದು ಕಂಡುಹಿಡಿಯುವುದು ನಿನ್ನ ಗುರಿ. ಐದು ದ್ರಾವಕಗಳ ಪಟ್ಟಿ ಇದೆ, ಸಾಕ್ಸ್‌ಲೆಟ್ ಇದೆ, ಸೋನಿಕೇಟರ್ ಇದೆ, ಸಾಫ್ಟ್‌ವೇರಿನ ಹೆಸರೂ ಇದೆ. ಅತ್ಯುತ್ತಮ ಎಂದು ಯಾವುದನ್ನು ನೋಡಿ ತೀರ್ಮಾನಿಸುತ್ತೀಯ ಎಂಬುದು ಮಾತ್ರ ಎಲ್ಲೂ ಇಲ್ಲ. ಗೈಡ್ ಕೇಳಲಿಲ್ಲ ಅಂದೆ. ವೈವಾಕ್ಕೆ ಹೊರಗಿನಿಂದ ಬರುವವರು ಕೇಳದೆ ಬಿಡುವುದಿಲ್ಲ. ಅವರಿಗಿಂತ ಮೊದಲು ದೊಡ್ಡಮ್ಮ ಕೇಳಿದಳು ಅಂತ ಮುಖ ಊದಿಸಿಕೊಳ್ಳಬೇಡ. ಇಷ್ಟು ವರ್ಷ ಫಾರ್ಮಕಾಗ್ನಸಿ ಪಾಠ ಹೇಳಿದವಳಿಗೆ ಬೇರೆಯವರ ಪ್ರಯೋಗದಲ್ಲಿ ತೂತು ಹುಡುಕುವ ಚಾಳಿ ನಿವೃತ್ತಿಯಾದ ಮೇಲೂ ಹೋಗಿಲ್ಲ.

ಹೆಚ್ಚಿನ ಹುಡುಗರು ಮೊದಲು ನೋಡುವುದು ತೂಕವನ್ನು. ನೂರು ಗ್ರಾಂ ಪುಡಿಗೆ ಎಷ್ಟು ಗ್ರಾಂ ಸಾರ ಬಂತು? ಹೆಚ್ಚು ಬಂದ ದ್ರಾವಕವೇ ಗೆದ್ದಿತು ಎಂದು ಬರೆದುಬಿಡುತ್ತಾರೆ. ಈ ಲೆಕ್ಕದಲ್ಲಿ ನೀರು ಬಹಳ ಸಲ ಗೆಲ್ಲುತ್ತದೆ, ಯಾಕೆಂದರೆ ಎಲೆಯಲ್ಲಿರುವ ಸಕ್ಕರೆ, ಅಂಟು, ಲೋಳೆ, ಲವಣ ಎಲ್ಲವನ್ನೂ ಅದು ಹೊತ್ತು ತರುತ್ತದೆ. ನೆಲಬೇವಿನ ಮುಖ್ಯ ಕಹಿ ಅಂಶವಾದ ಆಂಡ್ರೋಗ್ರಾಫೊಲೈಡ್ ನೀರಿನಲ್ಲಿ ಕರಗುವುದೇ ಕಡಿಮೆ. ಹೆಕ್ಸೇನ್ ಹಾಕಿದರೆ ಮೇಣ, ಎಣ್ಣೆಯಂಥವು ಬರುತ್ತವೆ. ಆಂಡ್ರೋಗ್ರಾಫೊಲೈಡ್ ಅಲ್ಲೇ ಎಲೆಯಲ್ಲಿ ಕೂತಿರುತ್ತದೆ. ತೂಕ ನೋಡಿದವರಿಗೆ ಇದೊಂದೂ ಕಾಣುವುದಿಲ್ಲ.

ತೂಕದ ಬಲೆಯಿಂದ ತಪ್ಪಿಸಿಕೊಂಡವರು ಇನ್ನೊಂದರಲ್ಲಿ ಬೀಳುತ್ತಾರೆ, ನಿನ್ನ ಸಿನಾಪ್ಸಿಸ್‌ನ ಮೂರನೇ ಪುಟದಲ್ಲಿ ಅದರ ನೆರಳಿದೆ. ಫೋಲಿನ್ ಸಿಯೋಕಾಲ್ಟೊ ವಿಧಾನದಲ್ಲಿ ಒಟ್ಟು ಫೀನಾಲ್ ಅಳೆಯುತ್ತೇನೆ, ಡಿಪಿಪಿಎಚ್‌ನಲ್ಲಿ ಆಂಟಿಆಕ್ಸಿಡೆಂಟ್ ಗುಣ ನೋಡುತ್ತೇನೆ ಎಂದಿದ್ದೀಯ. ಮುನ್ನುಡಿಯಲ್ಲಿ ಮಾತ್ರ ಪುಟಗಟ್ಟಲೆ ಆಂಡ್ರೋಗ್ರಾಫೊಲೈಡಿನ ಗುಣಗಾನ. ಆಂಡ್ರೋಗ್ರಾಫೊಲೈಡ್ ಫೀನಾಲ್ ಅಲ್ಲ ಕಣೇ. ಅದು 20 ಇಂಗಾಲಗಳ ಡೈಟರ್ಪೀನ್ ಲ್ಯಾಕ್ಟೋನ್, ಅದರಲ್ಲಿ ಫೀನಾಲಿನ ಉಂಗುರವೇ ಇಲ್ಲ. ಫೋಲಿನ್ ದ್ರಾವಣ ನೀಲಿಗೆ ತಿರುಗಿದರೆ ಅದು ಎಲೆಯ ಫ್ಲೇವನಾಯ್ಡ್‌ಗಳ ಕೆಲಸ. ಅದಕ್ಕೂ ಪೂರ್ತಿ ಖಾತರಿ ಇಲ್ಲ. ವಿಟಮಿನ್ ಸಿ, ಕೆಲವು ಸಕ್ಕರೆ, ಪ್ರೊಟೀನು ಕೂಡ ಅದೇ ನೀಲಿಯನ್ನು ಕೊಡುತ್ತವೆ. ಫೀನಾಲಿಗೆ ಒಪ್ಪುವ ಆಲ್ಕೊಹಾಲಿನ ಪ್ರಮಾಣ, ಒಪ್ಪುವ ಬಿಸಿ ಲ್ಯಾಕ್ಟೋನಿಗೂ ಒಪ್ಪಬೇಕೆಂಬ ಕಾನೂನು ಏನಿಲ್ಲ. ಒಂದನ್ನು ಅಳೆದು ಇನ್ನೊಂದರ ಹೆಸರಲ್ಲಿ ತೀರ್ಪು ಕೊಟ್ಟ ಪ್ರಬಂಧಗಳು ಎಷ್ಟು ಬೇಕಾದರೂ ಸಿಗುತ್ತವೆ. ಆ ಸಾಲಿಗೆ ನಿನ್ನದು ಸೇರುವುದು ಬೇಡ.

ಹಾಗಾಗಿ ದ್ರಾವಕದ ಬಾಟಲಿ ಮುಟ್ಟುವ ಮೊದಲೇ ಒಂದು ತೀರ್ಮಾನ ಆಗಲಿ. ನೀನು ಹೆಚ್ಚಿಸಬೇಕಾದದ್ದು ಒಂದು ಗ್ರಾಂ ಒಣ ಎಲೆಗೆ ಎಷ್ಟು ಮಿಲಿಗ್ರಾಂ ಆಂಡ್ರೋಗ್ರಾಫೊಲೈಡ್ ಬಂತು ಎಂಬುದನ್ನೋ, ಬಂದ ಸಾರದಲ್ಲಿ ಅದರ ಪಾಲು ನೂರಕ್ಕೆ ಎಷ್ಟು ಎಂಬುದನ್ನೋ? ಎರಡೂ ಒಂದೇ ಅಂತ ಕಂಡರೂ ಅಲ್ಲ. ಒಂದು ವಿಧಾನದಲ್ಲಿ ನೂರು ಗ್ರಾಂ ಎಲೆಗೆ 25 ಗ್ರಾಂ ಸಾರ ಬಂದು ಅದರಲ್ಲಿ ಶೇಕಡಾ 6 ಆಂಡ್ರೋಗ್ರಾಫೊಲೈಡ್ ಇದೆ ಅಂದುಕೋ. ಒಟ್ಟು ಒಂದೂವರೆ ಗ್ರಾಂ. ಇನ್ನೊಂದರಲ್ಲಿ 12 ಗ್ರಾಂ ಸಾರ, ಅದರಲ್ಲಿ ಶೇಕಡಾ 11; ಒಟ್ಟು 1.32 ಗ್ರಾಂ. ಎಲೆಯನ್ನು ಪೂರ್ತಿ ದುಡಿಸಿಕೊಳ್ಳಬೇಕಾದವನಿಗೆ ಮೊದಲನೆಯದು ಸರಿ. ಮುಂದೆ ಹರಳು ಕಟ್ಟಿಸಬೇಕಾದವನು, ಚಿಕ್ಕ ಕ್ಯಾಪ್ಸೂಲಿನಲ್ಲಿ ತುಂಬಬೇಕಾದವನು ಎರಡನೆಯದನ್ನೇ ಕೇಳುತ್ತಾನೆ. ನಿನಗೆ ಯಾವುದು ಬೇಕು, ಯಾಕೆ ಬೇಕು ಎಂದು ಒಂದು ಸಾಲು ಬರೆದು ಗೋಡೆಗೆ ಅಂಟಿಸು. ಮುಂದಿನ ಎಲ್ಲ ಆಯ್ಕೆಗಳೂ ಆ ಸಾಲಿನಿಂದಲೇ ಹುಟ್ಟಬೇಕು.

ಇನ್ನು ಗಿಡದ ವಿಷಯ. ರಸಾಯನಶಾಸ್ತ್ರದಿಂದ ಬಂದವರು ಇದನ್ನು ಹಾರಿಸಿಕೊಂಡು ಹೋಗುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಕಿರಾತಕಡ್ಡಿ ಕೇಳಿದರೆ ಒಬ್ಬ ನೆಲಬೇವು ಕೊಡುತ್ತಾನೆ, ಇನ್ನೊಬ್ಬ ಹಿಮಾಲಯದ ಕಡೆಯಿಂದ ಬರುವ ಸ್ವೆರ್ಷಿಯಾ ಕೊಡುತ್ತಾನೆ. ಎರಡೂ ಕಹಿ, ಎರಡಕ್ಕೂ ಜ್ವರದ ಔಷಧಿ ಎಂಬ ಹೆಸರು, ಕುಲ ಮಾತ್ರ ಬೇರೆ ಬೇರೆ. ಸ್ವೆರ್ಷಿಯಾದಲ್ಲಿ ಆಂಡ್ರೋಗ್ರಾಫೊಲೈಡ್ ಹುಡುಕಿದರೆ ಸಿಗುವುದಿಲ್ಲ. ಅಂಗಡಿಯ ಕಟ್ಟಿನಲ್ಲಿ ನೆಲಬೇವೇ ಇದ್ದರೂ ಮುಕ್ಕಾಲು ಪಾಲು ಕಡ್ಡಿ ಇರಬಹುದು. ಆಂಡ್ರೋಗ್ರಾಫೊಲೈಡ್ ಹೆಚ್ಚಾಗಿರುವುದು ಎಲೆಯಲ್ಲಿ, ಅದೂ ಹೂ ಬಿಡುವ ಹೊತ್ತಿನಲ್ಲಿ. ಕಾಯಿ ಬಲಿತು ಎಲೆ ಉದುರುವವರೆಗೆ ಕಾದು ಕೊಯ್ದ ಗಿಡದಲ್ಲಿ ನೀನು ಎಂಥ ದ್ರಾವಕ ಹಾಕಿದರೂ ಇಲ್ಲದ್ದು ಬರುವುದಿಲ್ಲ. ನಾಲ್ಕು ಮೂಲೆಯ ಕಾಂಡ, ಭರ್ಜಿಯ ಆಕಾರದ ಕಡು ಹಸಿರೆಲೆ, ನೇರಳೆ ಚುಕ್ಕೆಯ ಪುಟ್ಟ ಬಿಳಿ ಹೂ ನೋಡಿ ಗುರುತು ಹಿಡಿ. ಸಸ್ಯಶಾಸ್ತ್ರ ವಿಭಾಗದಲ್ಲಿ ಹರ್ಬೇರಿಯಂ ಹಾಳೆ ಮಾಡಿಸಿ ಅದರ ಸಂಖ್ಯೆಯನ್ನು ಪ್ರಬಂಧದಲ್ಲಿ ನಮೂದಿಸು.

ಬೇಕಾದಷ್ಟು ಎಲೆಯನ್ನು ಒಂದೇ ಸಲ ತಂದುಬಿಡು. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಪೂರ್ತಿ ಬೆರೆಸಿ, ಗಾಳಿಯಾಡದ ಡಬ್ಬಿಗಳಲ್ಲಿ ಹಂಚಿ ತಣ್ಣಗಿಡು. ಪ್ರತಿ ತಿಂಗಳು ಹೊಸ ಎಲೆ ತಂದರೆ ಫಲಿತಾಂಶದ ಏರಿಳಿತ ದ್ರಾವಕದ್ದೋ ಹೊಲದ್ದೋ ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಶೇಖರಿಸಿಟ್ಟಾಗ ಆಂಡ್ರೋಗ್ರಾಫೊಲೈಡ್ ನಿಧಾನಕ್ಕೆ ಬೇರೆ ರೂಪಕ್ಕೆ ತಿರುಗಿ ಕಡಿಮೆಯಾಗುತ್ತದೆ, ಆದ್ದರಿಂದ ಮೊದಲ ಪ್ರಯೋಗಕ್ಕೂ ಕೊನೆಯದಕ್ಕೂ ಅರ್ಧ ವರ್ಷದ ಅಂತರ ಬಿಡಬೇಡ. ತೇವಾಂಶ ಅಳೆದು ಒಣ ತೂಕದ ಮೇಲೆಯೇ ಲೆಕ್ಕ ಹಾಕು. ಮಾರ್ಚ್ ತಿಂಗಳ ಹತ್ತು ಗ್ರಾಂ ಪುಡಿಯೂ ನಮ್ಮ ಮಲೆನಾಡಿನ ಜುಲೈ ತಿಂಗಳ ಹತ್ತು ಗ್ರಾಂ ಪುಡಿಯೂ ಒಂದೇ ಅಲ್ಲ.

ನಿನ್ನ ಮುನ್ನುಡಿಯಲ್ಲಿ ತು ಯೂಯೂ ಹೆಸರು ನೋಡಿ ಸಂತೋಷವಾಯಿತು. ಆದರೆ ಒಂದೇ ಸಾಲಿನಲ್ಲಿ, ನೊಬೆಲ್ ಪಡೆದರು ಎಂದು ಮುಗಿಸಿದ್ದೀಯ. ಆಕೆಯಿಂದ ಕಲಿಯಬೇಕಾದದ್ದು ಆ ಸಾಲಿನ ಹಿಂದೆ ಇದೆ. ಚೀನಾದಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕುವ ಗುಪ್ತ ಯೋಜನೆ ಶುರುವಾದದ್ದು 1967ರ ಮೇ 23ರಂದು, ಅದಕ್ಕೇ ಅದರ ಹೆಸರು 523. ತು 1969ರಲ್ಲಿ ಸೇರಿದರು. ಚಿಂಗ್‌ಹಾವ್ ಎಂಬ ಗಿಡದ ಸಾರ ಇಲಿಗಳಲ್ಲಿ ಒಮ್ಮೆ ಕೆಲಸ ಮಾಡಿದಂತೆ ಕಂಡರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ಆಗ ಆಕೆ ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಗ್ರಂಥವನ್ನು ಮತ್ತೆ ತೆರೆದರು. ಅಲ್ಲಿ ಆ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯುವ ವಿಧಾನ ಇತ್ತು, ಕುದಿಸುವ ಮಾತೇ ಇರಲಿಲ್ಲ. ಬಿಸಿಯೇ ಮದ್ದನ್ನು ಕೆಡಿಸುತ್ತಿರಬಹುದೇ ಎಂಬ ಅನುಮಾನ ಹುಟ್ಟಿದ್ದು ಅಲ್ಲಿ. ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು, ಅದರಲ್ಲಿನ ಆಮ್ಲೀಯ ಭಾಗವನ್ನು ಕ್ಷಾರದಿಂದ ತೊಳೆದು ತಟಸ್ಥ ಭಾಗವನ್ನು ಉಳಿಸಿಕೊಂಡರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಡಗಿಸಿತು. ಮರುವರ್ಷ ಅದರಲ್ಲಿನ ಮದ್ದಿನ ಅಂಶ ಆರ್ಟಿಮಿಸಿನಿನ್ ಹರಳಾಗಿ ಕೈಗೆ ಬಂತು. ನೊಬೆಲ್ ಬಂದದ್ದು 2015ರಲ್ಲಿ.

ದ್ರಾವಕ ಬದಲಿಸಿದ್ದೇ ಅಲ್ಲಿ ದೊಡ್ಡ ಸಾಧನೆ ಅಂದುಕೊಳ್ಳಬೇಡ. ಆಕೆಗೆ ಅಳತೆಗೋಲು ಗಟ್ಟಿಯಾಗಿತ್ತು: ಇಲಿಯ ರಕ್ತದಲ್ಲಿ ಮಲೇರಿಯಾದ ಪರಾವಲಂಬಿ ಉಳಿಯಿತೋ ಇಲ್ಲವೋ. ಸಾರದ ತೂಕ ಹೆಚ್ಚಿತೋ, ಬಣ್ಣ ಗಾಢವಾಯಿತೋ ಎಂದು ನೋಡಿಕೊಂಡು ಕೂತಿದ್ದರೆ ಈಥರ್‌ಗೆ ಗೆಲ್ಲುವ ಅವಕಾಶವೇ ಇರುತ್ತಿರಲಿಲ್ಲ. ಮತ್ತೆ, ಇದನ್ನು ಓದಿಕೊಂಡು ನೆಲಬೇವಿಗೂ ಬಿಸಿ ತಗುಲಿಸಬಾರದು ಎಂದು ಶಪಥ ಮಾಡಬೇಡ. ಆರ್ಟಿಮಿಸಿನಿನ್‌ನೊಳಗೆ ಪೆರಾಕ್ಸೈಡ್ ಸೇತುವೆ ಇದೆ, ಅದರ ನಾಜೂಕು ಅದಕ್ಕೆ. ಆಂಡ್ರೋಗ್ರಾಫೊಲೈಡಿಗೆ ಹೆಚ್ಚು ಆಗದಿರುವುದು ಕ್ಷಾರ. ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಳ್ಳುತ್ತದೆ. ಮಂದ ಆಮ್ಲೀಯ ದ್ರಾವಣದಲ್ಲಿ ಅದು ಹೆಚ್ಚು ಕಾಲ ತಾಳುತ್ತದೆ. ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರ್ ಮುಗಿಯಿತು ಅಂತ ಕ್ಷಾರದ ಗುಣ ಇರಬಹುದಾದ ಬೋರ್‌ವೆಲ್ ನೀರು ಬೆರೆಸುವ ಹುಡುಗರಿದ್ದಾರೆ, ಅವರ ಜೊತೆ ಸೇರಬೇಡ.

ಪರಂಪರೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಜ್ಜಿ ಜ್ವರಕ್ಕೆ ನೆಲಬೇವಿನ ಕಷಾಯ ಕೊಡುತ್ತಿದ್ದರು ಎಂದು ಬರೆದು, ಮುಂದಿನ ಪುಟದಲ್ಲಿ ಮೆಥನಾಲ್ ಸಾರ ತೆಗೆಯುವುದು ಎಲ್ಲ ಪ್ರಬಂಧಗಳ ಹಣೆಬರಹ. ಅಜ್ಜಿ ಕೊಟ್ಟದ್ದು ನೀರಿನ ಸಾರ. ಅದರಲ್ಲಿ ಬಂದದ್ದು ಬೇರೆ, ನಿನ್ನ ಫ್ಲಾಸ್ಕಿನಲ್ಲಿ ಬಂದದ್ದು ಬೇರೆ. ತಮಿಳುನಾಡಿನಲ್ಲಿ ಡೆಂಗ್ಯೂ ಕಾಲಕ್ಕೆ ಸರ್ಕಾರವೇ ಹಂಚಿದ ನಿಲವೇಂಬು ಕುಡಿನೀರಿನಲ್ಲಂತೂ ನೆಲಬೇವಿನ ಜೊತೆಗೆ ಇನ್ನೂ ಎಂಟು ದ್ರವ್ಯಗಳಿವೆ. ಅಜ್ಜಿಯ ಕಷಾಯದ ಹೆಸರಿನಲ್ಲಿ ನಿನ್ನ ಮೆಥನಾಲ್ ಸಾರಕ್ಕೆ ಸಾಲ ತರಬೇಡ. ಪರಂಪರೆಯಿಂದ ಏನಾದರೂ ತೆಗೆದುಕೊಳ್ಳುವುದಿದ್ದರೆ ತು ಮಾಡಿದ ಹಾಗೆ ಅದರ ವಿಧಾನವನ್ನು ಅಕ್ಷರ ಬಿಡದೆ ಓದು. ಎಷ್ಟು ಸೊಪ್ಪಿಗೆ ಎಷ್ಟು ನೀರು, ಎಲ್ಲಿಯವರೆಗೆ ಬತ್ತಿಸಬೇಕು, ಹಸಿಯದೋ ಒಣಗಿದ್ದೋ. ನಿನ್ನ ವಿನ್ಯಾಸದಲ್ಲಿ ಅಜ್ಜಿಯ ಕಷಾಯವನ್ನೂ ಒಂದು ಮಾದರಿಯಾಗಿ ಸೇರಿಸಿ ಅದರಲ್ಲಿ ಆಂಡ್ರೋಗ್ರಾಫೊಲೈಡ್ ಎಷ್ಟಿದೆ ನೋಡಿದರೆ, ಓದುವವರಿಗೆ ನಿನ್ನ ಉಳಿದ ಕೋಷ್ಟಕಗಳಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.

ದ್ರಾವಕ ಆರಿಸುವಾಗ ಕರಗುವಿಕೆ ಒಂದನ್ನೇ ನೋಡಬೇಡ. ಶುದ್ಧ ಎಥನಾಲ್ ಆಂಡ್ರೋಗ್ರಾಫೊಲೈಡನ್ನು ಕರಗಿಸುತ್ತದೆ, ಸರಿ. ಆದರೆ ಒಣಗಿ ಮುರುಟಿದ ಎಲೆಯ ಕೋಶ ಉಬ್ಬಿ ಬಾಯಿ ಬಿಡಬೇಕಾದರೆ ಸ್ವಲ್ಪ ನೀರು ಬೇಕು. ನೀರೇ ಇಲ್ಲದ ಆಲ್ಕೊಹಾಲು ಹಸಿರು ಬಣ್ಣವನ್ನೂ ಧಾರಾಳವಾಗಿ ಎಳೆದು ತರುತ್ತದೆ, ಆಮೇಲೆ ಆ ಕ್ಲೋರೊಫಿಲ್ ತೆಗೆಯಲು ಇದ್ದಿಲು ಹಾಕಬೇಕು, ಇದ್ದಿಲು ನಿನಗೆ ಬೇಕಾದದ್ದನ್ನೂ ಒಂದಿಷ್ಟು ನುಂಗಿಕೊಳ್ಳುತ್ತದೆ. ಇದಕ್ಕೇ ಸಾಮಾನ್ಯವಾಗಿ ನೀರು ಬೆರೆತ ಎಥನಾಲ್ ಬಳಸುವುದು. ನಿನ್ನ ಹುಡುಕಾಟ ಶೇಕಡಾ 40ರಿಂದ 90ರ ನಡುವೆ ಇರಲಿ. ಶೇಕಡಾ 70 ಎಂದರೆ 700 ಮಿಲಿಗೆ 300 ಮಿಲಿ ನೀರು ಸುರಿಯುವುದಲ್ಲ. ಎರಡು ಬೆರೆತಾಗ ಗಾತ್ರ ಕುಗ್ಗುತ್ತದೆ, ಒಂದು ಲೀಟರ್ ಆಗುವುದಿಲ್ಲ. ನಿನ್ನ ಬಾಟಲಿಯಲ್ಲಿರುವುದು 95ರ ಸ್ಪಿರಿಟ್ ಆದರೆ 737 ಮಿಲಿ ಅಳೆದು, ನೀರು ಸೇರಿಸುತ್ತಾ ಒಂದು ಲೀಟರಿನ ಗುರುತು ಮುಟ್ಟಿಸು.

ಎಥನಾಲಿಗೆ ಅಬಕಾರಿ ಇಲಾಖೆಯ ಅನುಮತಿ ಬೇಕು, ಸ್ಟೋರಿನವರು ಸತಾಯಿಸುತ್ತಾರೆ, ಅದಕ್ಕೆ ಎಲ್ಲರೂ ಮೆಥನಾಲ್ ಹಿಡಿಯುತ್ತಾರೆ ಎಂಬುದು ನನಗೂ ಗೊತ್ತು. ವಿಶ್ಲೇಷಣೆಗೆ ಮೆಥನಾಲ್ ಬಳಸು, ತಪ್ಪೇನಿಲ್ಲ. ಮುಂದೆ ಯಾರಾದರೂ ನುಂಗಬೇಕಾದ ಸಾರಕ್ಕೆ ಬೇಡ. ಔಷಧದಲ್ಲಿ ಉಳಿಯಬಹುದಾದ ದ್ರಾವಕಕ್ಕೆ ಅಂತರರಾಷ್ಟ್ರೀಯ ಮಂಡಳಿಯಾದ ಐಸಿಎಚ್‌ನ ಕ್ಯೂ3ಸಿ ಮಾರ್ಗಸೂಚಿ ಮಿತಿ ಹಾಕಿದೆ: ಎಥನಾಲ್, ಅಸಿಟೋನ್, ಈಥೈಲ್ ಅಸಿಟೇಟ್‌ಗೆ 5000 ಪಿಪಿಎಂ, ಮೆಥನಾಲ್‌ಗೆ 3000, ಹೆಕ್ಸೇನ್‌ಗೆ 290, ಕ್ಲೋರೋಫಾರ್ಮ್‌ಗೆ 60. ನಿನ್ನ ಪಟ್ಟಿಯಲ್ಲಿರುವ ಕ್ಲೋರೋಫಾರ್ಮ್ ಅನ್ನು ಈಗಲೇ ಹೊಡೆದುಹಾಕು. ಅದು ಒಂದು ಮಿಲಿಗ್ರಾಂ ಹೆಚ್ಚು ಕೊಟ್ಟರೂ ಆ ಸಾರವನ್ನು ಯಾರೂ ಮುಟ್ಟುವುದಿಲ್ಲ.

ಸಾಕ್ಸ್‌ಲೆಟ್ ಮೇಲೆ ನಿನಗಿರುವ ಭಕ್ತಿಗೂ ಒಂದು ಮಾತು. ಫ್ರಾಂಜ್ ಸಾಕ್ಸ್‌ಲೆಟ್ 1879ರಲ್ಲಿ ಅದನ್ನು ರೂಪಿಸಿದ್ದು ಹಾಲಿನ ಕೊಬ್ಬು ಅಳೆಯುವುದಕ್ಕೆ. ಕೊಬ್ಬು ಬಿಸಿ ತಾಳುತ್ತದೆ. ಎಲೆ ಮೇಲೆ ಅಷ್ಟು ಬಿಸಿಯಿಲ್ಲದ ದ್ರಾವಕದಲ್ಲಿ ಮೀಯುತ್ತಿದ್ದರೂ ಈಗಾಗಲೇ ಇಳಿದು ಬಂದ ಸಾರ ಕೆಳಗಿನ ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಕುದಿಯುತ್ತಲೇ ಇರುತ್ತದೆ. ಇನ್ನೊಂದು ತೊಡಕು, ಸಾಕ್ಸ್‌ಲೆಟ್‌ನಲ್ಲಿ ಶೇಕಡಾ 70ರ ಎಥನಾಲ್ ಎಂದು ಬರೆದಿದ್ದೀಯಲ್ಲ, ಅದು. ಕೆಳಗೆ 70 ಇದ್ದರೂ ಆವಿಯಾಗಿ ಏರುವುದರಲ್ಲಿ ಆಲ್ಕೊಹಾಲಿನ ಪಾಲೇ ಹೆಚ್ಚು. ಎಲೆಯ ಮೇಲೆ ತೊಟ್ಟಿಕ್ಕುವುದು 70 ಆಗಿರುವುದಿಲ್ಲ. ನೀನು ಬರೆದ ಅಂಕಿ ಎಲೆಗೆ ತಾಗಲೇ ಇಲ್ಲ ಎಂದಮೇಲೆ ಅದರ ಗ್ರಾಫ್ ಬಿಡಿಸಿ ಏನು ಪ್ರಯೋಜನ? ಮಿಶ್ರ ದ್ರಾವಕಕ್ಕೆ ಬಿಸಿನೀರಿನ ತೊಟ್ಟಿಯಲ್ಲಿಟ್ಟ ಮುಚ್ಚಿದ ಫ್ಲಾಸ್ಕೇ ಮೇಲು. ಸೋನಿಕೇಟರ್ ಬಳಸುವುದಾದರೆ ಅದರ ತೊಟ್ಟಿಗೆ ಥರ್ಮಾಮೀಟರ್ ಇಳಿಬಿಡು. ಹೀಟರ್ ಹಾಕದಿದ್ದರೂ ಬರೀ ಶಬ್ದತರಂಗದಿಂದಲೇ ನೀರು ಬಿಸಿಯಾಗುತ್ತಾ ಹೋಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ ಎಂದು ಬರೆದವರ ತೊಟ್ಟಿಯಲ್ಲಿ ಕೊನೆಗೆ ಕೈ ಅದ್ದಿ ನೋಡಿದರೆ ಗೊತ್ತಾಗುತ್ತದೆ.

ಎಲ್ಲರೂ ಕಡೆಗಣಿಸುವ ಒಂದು ಸಂಗತಿಗೆ ಬರುತ್ತೇನೆ: ದ್ರಾವಕವನ್ನು ಒಂದೇ ಸಲ ಸುರಿಯುವುದೋ ಹಂಚಿ ಸುರಿಯುವುದೋ. ತೆಂಗಿನಕಾಯಿ ಹಾಲು ಹಿಂಡುವಾಗ ನೀರನ್ನೆಲ್ಲ ಒಂದೇ ಬಾರಿ ಹಾಕುತ್ತೇವೆಯೇ? ಮೊದಲ ಹಾಲು, ಎರಡನೇ ಹಾಲು ಅಂತ ತೆಗೆಯುವುದಿಲ್ಲವೇ? ಅದರ ಲೆಕ್ಕ ಇಲ್ಲಿದೆ. ನೂರು ಗ್ರಾಂ ಪುಡಿ, ಎಷ್ಟು ಹಿಂಡಿದರೂ 200 ಮಿಲಿ ದ್ರಾವಕವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ ಅಂದುಕೋ. ಬೇಕಾದ ಅಂಶವೆಲ್ಲ ಕರಗಿದೆ ಎಂದೇ ಇಟ್ಟುಕೊಳ್ಳೋಣ. ಒಂದು ಲೀಟರನ್ನು ಒಟ್ಟಿಗೆ ಸುರಿದು ಸೋಸಿದರೆ 800 ಮಿಲಿ ಹೊರಬರುತ್ತದೆ, ಐದರಲ್ಲೊಂದು ಪಾಲು, ಅಂದರೆ ಶೇಕಡಾ 20, ಗಸಿಯಲ್ಲೇ ಉಳಿಯಿತು. ಅದೇ ಲೀಟರನ್ನು ಮೊದಲು 400, ಆಮೇಲೆ 300, ಮತ್ತೆ 300 ಎಂದು ಹಂಚು. ಮೊದಲ ಸಲ ಅರ್ಧ ಉಳಿಯುತ್ತದೆ. ಎರಡನೇ ಸಲ ಒಳಗೆ ಒಟ್ಟು 500 ಮಿಲಿ, ಅದರಲ್ಲಿ 200 ಉಳಿಯುವುದರಿಂದ ಐವತ್ತು ಇಪ್ಪತ್ತಕ್ಕೆ ಇಳಿಯಿತು. ಮೂರನೇ ಸಲ ಇಪ್ಪತ್ತು ಎಂಟಕ್ಕೆ ಇಳಿಯುತ್ತದೆ. ಅದೇ ಒಂದು ಲೀಟರಿನಲ್ಲಿ ನೂರಕ್ಕೆ 80ರ ಬದಲು 92 ಕೈಗೆ ಬಂತು. ಉಷ್ಣತೆಯನ್ನು ಐದೈದು ಡಿಗ್ರಿ ಏರಿಸಿ ಇಳಿಸಿ ತಿಂಗಳುಗಟ್ಟಲೆ ಒದ್ದಾಡಿದರೂ ಇಷ್ಟು ಸಿಗದೆ ಹೋಗಬಹುದು. ಎಲೆಯಲ್ಲಿ ಒಟ್ಟು ಎಷ್ಟಿದೆ ಎಂಬುದನ್ನೂ ಇದೇ ದಾರಿಯಲ್ಲಿ ಮೊದಲು ತಿಳಿದುಕೋ: ಒಂದೇ ಪುಡಿಯನ್ನು ಹೊಸ ಹೊಸ ದ್ರಾವಕದಲ್ಲಿ ಮತ್ತೆ ಮತ್ತೆ ತೊಳೆ, ಇನ್ನು ಬರುವುದಿಲ್ಲ ಅನ್ನುವವರೆಗೆ. ಮುಂದಿನ ಫಲಿತಾಂಶಗಳನ್ನೆಲ್ಲ ಆ ಒಟ್ಟಿನ ಪಕ್ಕದಲ್ಲಿಟ್ಟು ನೋಡು.

ಪುಡಿ ಸಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಒಂದು ಹಂತದವರೆಗೆ ಮಾತ್ರ ನಿಜ. ತೀರ ನುಣ್ಣಗಾದರೆ ಸೋಸುವ ಕಾಗದ ಕಟ್ಟಿಕೊಂಡು ಅರ್ಧ ದಿನ ಹೋಗುತ್ತದೆ. 40ರ ಜರಡಿ ಸಾಕು.

ಈಗ ವಿನ್ಯಾಸಕ್ಕೆ ಬಾ. ಮೊದಲು ಆಲ್ಕೊಹಾಲಿನ ಪ್ರಮಾಣ ಬದಲಿಸಿ ಒಳ್ಳೆಯದನ್ನು ಆರಿಸುತ್ತೇನೆ, ಅದನ್ನು ಹಿಡಿದುಕೊಂಡು ಉಷ್ಣತೆ ಬದಲಿಸುತ್ತೇನೆ, ಆಮೇಲೆ ಸಮಯ ಎಂದಿದ್ದೀಯ. ಒಂದು ಊಹೆಯ ಲೆಕ್ಕ ಕೇಳು. 30 ಡಿಗ್ರಿಯಲ್ಲಿ 40, 60, 80ರ ಎಥನಾಲ್ ಕ್ರಮವಾಗಿ 9, 12, 14 ಮಿಲಿಗ್ರಾಂ ಕೊಟ್ಟವು. ನೀನು 80 ಆರಿಸಿದೆ. ಅದರಲ್ಲಿ 30, 45, 60 ಡಿಗ್ರಿ ಮಾಡಿದಾಗ 14, 15, 14 ಬಂತು. ಅತ್ಯುತ್ತಮ 80ರ ಎಥನಾಲ್, 45 ಡಿಗ್ರಿ ಎಂದು ಬರೆದು ಮುಗಿಸಿದೆ. ಆದರೆ 60ರ ಎಥನಾಲ್ 60 ಡಿಗ್ರಿಯಲ್ಲಿ 18 ಕೊಡುತ್ತಿತ್ತು. ನೀರಿನ ಪಾಲು ಹೆಚ್ಚಿದ್ದಲ್ಲಿ ಬಿಸಿಯಿಂದ ಆಗುವ ಲಾಭವೂ ಹೆಚ್ಚಾಗಿರಬಹುದು. ನೀನು ಆ ಮೂಲೆಗೆ ಹೋಗಲೇ ಇಲ್ಲ, ಹೋಗುವ ದಾರಿಯೇ ನಿನ್ನ ಯೋಜನೆಯಲ್ಲಿ ಇರಲಿಲ್ಲ. ಎರಡು ಅಂಶಗಳು ಒಂದರ ಮೇಲೊಂದು ಕೈ ಹಾಕುವಾಗ ಒಂದೊಂದಾಗಿ ಹುಡುಕುವವರಿಗೆ ಹೀಗಾಗುತ್ತದೆ.

ಎಲ್ಲ ಮೂಲೆಗಳಿಗೂ ಹೋಗೋಣ ಎಂದರೆ ನಾಲ್ಕು ಅಂಶ, ಮೂರು ಮೂರು ಹಂತ, ಒಟ್ಟು 81 ಪ್ರಯೋಗ. ಯಾರ ಕೈಲಾಗುತ್ತದೆ? ಇದನ್ನೇ ಒಂಬತ್ತು ಪ್ರಯೋಗಕ್ಕೆ ಇಳಿಸುವ ಟಾಗುಚಿ ಕೋಷ್ಟಕದ ಬುಡದಲ್ಲಿರುವುದು ಆರ್ಥಾಗನಲ್ ಅರೇ ಎಂಬ ಗಣಿತ. ಅದನ್ನು 1940ರ ದಶಕದಲ್ಲಿ ಕೊಟ್ಟವರು ಸಿ. ಆರ್. ರಾವ್, ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ. ಜಪಾನಿನ ಟಾಗುಚಿ 1950ರ ದಶಕದಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದಿದ್ದರು. ಹಡಗಲಿಯ ಮಲ್ಲಿಗೆ ಗೊತ್ತಿರುವಷ್ಟು ಈ ಸಂಗತಿ ನಮ್ಮವರಿಗೆ ಗೊತ್ತಿಲ್ಲ ಎಂಬುದು ನನ್ನ ಹಳೆಯ ಸಿಟ್ಟು, ಇರಲಿ. ಒಂಬತ್ತರ ಕೋಷ್ಟಕದಲ್ಲಿ ನಾಲ್ಕು ಅಂಶ ತುಂಬಿಬಿಟ್ಟರೆ ಅವುಗಳ ನಡುವಿನ ಕೈವಾಡ ಬೇರೆಯಾಗಿ ಕಾಣುವುದಿಲ್ಲ. ಯಾವ ಅಂಶ ಮುಖ್ಯ ಎಂದು ಜರಡಿ ಹಿಡಿಯಲು ಅದು ಸಾಕು. ಆಮೇಲೆ ಮೂರು ಮುಖ್ಯ ಅಂಶಗಳಿಗೆ ಬಾಕ್ಸ್ ಮತ್ತು ಬೆಂಕನ್ 1960ರಲ್ಲಿ ಪ್ರಕಟಿಸಿದ ವಿನ್ಯಾಸ ಹಿಡಿ: ಅಂಚುಗಳಲ್ಲಿ ಹನ್ನೆರಡು, ಮಧ್ಯಬಿಂದುವಿನಲ್ಲಿ ಮೂರು, ಒಟ್ಟು ಹದಿನೈದು. ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸು. ಕಡಿಮೆ ಉಷ್ಣತೆಯವನ್ನೆಲ್ಲ ಮೊದಲು, ಹೆಚ್ಚಿನವನ್ನೆಲ್ಲ ಕೊನೆಗೆ ಮಾಡಿದರೆ ಪುಡಿ ಹಳತಾದದ್ದೂ ಉಷ್ಣತೆಯ ಲೆಕ್ಕಕ್ಕೆ ಸೇರಿಹೋಗುತ್ತದೆ.

ಸಾಫ್ಟ್‌ವೇರ್ ಕೊಡುವ ಆರ್-ಸ್ಕ್ವೇರ್ 0.98 ನೋಡಿ ಹಿಗ್ಗಬೇಡ. ಮೂರು ಅಂಶದ ಪೂರ್ಣ ವರ್ಗ ಸಮೀಕರಣದಲ್ಲಿ ಹತ್ತು ಗುಣಾಂಕಗಳಿವೆ, ನಿನ್ನ ಬಳಿ ಇರುವುದು ಹದಿನೈದು ಅಂಕಿ. ಹತ್ತು ಹಿಡಿಕೆ ತಿರುಗಿಸಲು ಬಿಟ್ಟರೆ ಹದಿನೈದು ಬಿಂದುಗಳ ಹತ್ತಿರ ಯಾವ ವಕ್ರರೇಖೆಯೂ ಬಂದು ನಿಲ್ಲುತ್ತದೆ. ನೋಡಬೇಕಾದದ್ದು ಲ್ಯಾಕ್ ಆಫ್ ಫಿಟ್ ಮತ್ತು ಪ್ರೆಡಿಕ್ಟೆಡ್ ಆರ್-ಸ್ಕ್ವೇರ್. ಅತ್ಯುತ್ತಮ ಬಿಂದು ನೀನು ಆರಿಸಿದ ವ್ಯಾಪ್ತಿಯ ಅಂಚಿನಲ್ಲೇ ಬಂದು ಕೂತರೆ ಅದು ಇನ್ನೂ ಆಚೆ ಇರಬಹುದು, ವ್ಯಾಪ್ತಿ ಹಿಗ್ಗಿಸಿ ಮತ್ತೆ ಮಾಡು. 68.37 ಶೇಕಡಾ ಎಥನಾಲ್, 53.26 ಡಿಗ್ರಿ, 47.81 ನಿಮಿಷ ಎಂದು ಸಾಫ್ಟ್‌ವೇರ್ ಹೇಳುತ್ತದೆ, ನಮ್ಮವರು ಹಾಗೇ ಅಚ್ಚು ಹಾಕಿಸುತ್ತಾರೆ. ನಿನ್ನ ವಾಟರ್ ಬಾತ್ ಎರಡು ಡಿಗ್ರಿ ಅತ್ತಿತ್ತ ಆಡುತ್ತದೆ. ಆ ದಶಮಾಂಶಗಳನ್ನು ಏನು ಮಾಡುತ್ತೀ? 70, 55, 50 ಎಂದು ಬರೆ, ಅದೇ ಸ್ಥಿತಿಯಲ್ಲಿ ಹೊಸದಾಗಿ ಮೂರು ಸಲ ಸಾರ ತೆಗೆದು, ಸಮೀಕರಣ ಹೇಳಿದ್ದು ಬಂತೋ ನೋಡು. ಮೂರು ಸಲ ಎಂದರೆ ಮೂರು ಸಲ ಎಲೆ ತೂಗಿ, ಮೂರು ಫ್ಲಾಸ್ಕು. ಒಂದೇ ಸಾರವನ್ನು ಯಂತ್ರಕ್ಕೆ ಮೂರು ಬಾರಿ ಚುಚ್ಚಿ ಬಂದ ಸರಾಸರಿ ಯಂತ್ರದ ಗುಣವನ್ನು ಹೇಳುತ್ತದೆಯೇ ಹೊರತು ನಿನ್ನ ಕೈಯ ಗುಣವನ್ನಲ್ಲ.

ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಗೆ ಹೊರಗಡೆ ದುಡ್ಡು ಕೊಡಬೇಕು, ಅದಕ್ಕೇ ಫೋಲಿನ್ ಹಿಡಿದೆ ಎಂದು ಊಹಿಸಬಲ್ಲೆ. ಹಾಗಿದ್ದರೆ ಮಾದರಿಗಳ ಸಂಖ್ಯೆ ಕಡಿಮೆ ಮಾಡು, ಅಳತೆಯಲ್ಲಿ ರಾಜಿ ಬೇಡ. ಆಂಡ್ರೋಗ್ರಾಫೊಲೈಡ್ 225 ನ್ಯಾನೊಮೀಟರ್ ಆಸುಪಾಸಿನಲ್ಲಿ ಬೆಳಕನ್ನು ಹೀರುತ್ತದೆ. ಅಲ್ಲಿ ಬೇರೆ ಬಹಳಷ್ಟು ಪದಾರ್ಥಗಳೂ ಹೀರುವುದರಿಂದ ಬರೀ ಸ್ಪೆಕ್ಟ್ರೋಫೋಟೊಮೀಟರಿನಲ್ಲಿ ಕಚ್ಚಾ ಸಾರ ಇಟ್ಟು ಓದುವಂತಿಲ್ಲ, ಕಾಲಂನಲ್ಲಿ ಬೇರ್ಪಡಿಸಿಯೇ ನೋಡಬೇಕು. ಸಾರಕ್ಕೆ ಗೊತ್ತಿರುವಷ್ಟು ಸ್ಟ್ಯಾಂಡರ್ಡ್ ಸೇರಿಸಿ ಅಷ್ಟೇ ಮರಳಿ ಬರುತ್ತದೆಯೇ ಎಂದು ಒಮ್ಮೆ ಪರೀಕ್ಷಿಸು. ಐದು ಮಿಲಿಗ್ರಾಂ ಹಾಕಿ ನಾಲ್ಕು ಸಿಕ್ಕರೆ ನಿನ್ನ ಎಲ್ಲ ಅಂಕಿಗಳೂ ಆ ಪ್ರಮಾಣದಲ್ಲೇ ಕೊರತೆಯವು.

ರೋಟಾವೇಪರ್ ತೊಟ್ಟಿ 45 ಡಿಗ್ರಿ ದಾಟದಿರಲಿ. ಏಪ್ರಿಲ್ ತಿಂಗಳಲ್ಲಿ ನಲ್ಲಿಯ ನೀರೇ 30ಕ್ಕೆ ಬಂದಿರುತ್ತದೆ, ಅದರಿಂದ ಕಂಡೆನ್ಸರ್ ತಣಿಯುವುದಿಲ್ಲ, ಅರ್ಧ ದ್ರಾವಕ ಪಂಪಿನ ಮೂಲಕ ನಿನ್ನ ಮೂಗಿಗೇ ಬರುತ್ತದೆ. ಮಂಜುಗಡ್ಡೆ ಹಾಕಿದ ನೀರನ್ನು ಸುತ್ತಿಸು. ಸಾರ ನೊರೆಯೆದ್ದು ಮೇಲೇರಿದರೆ ವ್ಯಾಕ್ಯೂಮ್ ನಿಧಾನಕ್ಕೆ ಬಿಡು, ಗಾಬರಿಯಾಗಿ ಒಮ್ಮೆಲೇ ತೆರೆಯಬೇಡ. ಉಳಿದ ಮೆಥನಾಲನ್ನು ಸಿಂಕಿಗೆ ಸುರಿಯುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ವೇಸ್ಟ್ ಕ್ಯಾನಿಗೆ ಹಾಕಿ ಹೆಸರು ಬರೆ.

ಹದಿನೈದರ ವಿನ್ಯಾಸ ಶುರು ಮಾಡುವ ಮೊದಲು ಮಧ್ಯಬಿಂದುವಿನ ಪ್ರಯೋಗವೊಂದನ್ನೇ ಪ್ರತ್ಯೇಕವಾಗಿ ಮೂರು ಫ್ಲಾಸ್ಕಿನಲ್ಲಿ ಮಾಡಿ ಅಂಕಿಗಳನ್ನು ವಾಟ್ಸಾಪ್‌ನಲ್ಲಿ ಕಳಿಸು. ಮೂರೂ ಹತ್ತಿರ ಹತ್ತಿರ ಇದ್ದರೆ ನನ್ನನ್ನು ಕೇಳದೆ ಮುಂದುವರಿ. ಒಂದು 12, ಇನ್ನೊಂದು 16 ಎಂದು ಬಂದರೆ ದ್ರಾವಕವನ್ನು ದೂರುವ ಮೊದಲು ನೀನು ಸೋಸುವುದನ್ನು, ಗಸಿ ಹಿಂಡುವುದನ್ನು, ಫ್ಲಾಸ್ಕ್ ತೊಳೆದು ಗಾತ್ರ ಸರಿದೂಗಿಸುವುದನ್ನು ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು ಮಾಡು. ಹೆಚ್ಚಾಗಿ ಸೋರಿಕೆ ಅಲ್ಲೇ ಇರುತ್ತದೆ.

ನಿನ್ನ ದೊಡ್ಡಮ್ಮ